ಅಟ್ಟದ ಮೇಲಿನ ಹೆಸರು

ಲೊಟಕ್.

ಎಂಟು ವರ್ಷದ ಹಿಂದೆ ಕೇಳಿದ ಆ ಶಬ್ದ ಈಗಲೂ ನನ್ನ ಬಲಗಿವಿಯಲ್ಲಿ ಹಾಗೇ ಕೂತಿದೆ. ಒಣಗಿದ ತೆಂಗಿನಕಾಯಿಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರೆ, ಚಿಪ್ಪು ಬಿಟ್ಟ ಕೊಬ್ಬರಿ ಒಳಗೆ ಉಂಡೆಯಾಗಿ ಹೊರಳುವ ಶಬ್ದ ಅದು. ನಮ್ಮ ತಿಪಟೂರು, ತುರುವೇಕೆರೆ ಕಡೆ ಈ ಶಬ್ದ ಕೇಳದೆ ಯಾರೂ ದೊಡ್ಡವರಾಗುವುದಿಲ್ಲ. ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹಾಕಿ ಹನ್ನೊಂದು ತಿಂಗಳೋ ಒಂದು ವರ್ಷವೋ ಮರೆತುಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಒಂದು ದಿನ ಕಾಯಿ ತಾನೇ ಲೊಟಕ್ ಎನ್ನುತ್ತದೆ. ಅಂದರೆ, ನನ್ನದು ಆಯಿತು, ಇನ್ನು ಇಳಿಸು ಅಂತ. ಅನ್ನದಿದ್ದರೆ ಮತ್ತೆ ಅಟ್ಟಕ್ಕೆ.

ಈಗ ಇದನ್ನು ಬರೆಯಲು ಕಾರಣ ನನ್ನ ಮೊಮ್ಮಗಳು. ತಿಪಟೂರಿನಲ್ಲಿ ಮೂರನೇ ಕ್ಲಾಸು. ಹೋದ ವಾರ ಫೋನ್ ಮಾಡಿ, “ಅಜ್ಜೀ, ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟವ್ರೆ, ನಮ್ ನಮ್ ಹೆಸ್ರಿನ ಮೀನಿಂಗು, ಸ್ಟೋರಿ ಎಲ್ಲಾ ಬರ್ಕಂಡ್ ಬರ್ಬೇಕಂತೆ. ನನ್ ಹೆಸ್ರು ನೆಟ್ಟಲ್ಲಿ ಇಲ್ವೇ ಇಲ್ಲ ಕಣಜ್ಜಿ. ಎಲ್ಲಿಂದ ತಂದ್ರಿ ಅದನ್ನ?” ಎಂದು ತಕರಾರು ಮಾಡಿದಳು. ಮೀನಿಂಗ್ ಒಂದು ಸಾಲಿನಲ್ಲಿ ಹೇಳಿದೆ. ಸ್ಟೋರಿಗೆ, “ನಿಮ್ಮ ಮುತ್ತಜ್ಜಿ ಇಟ್ಟಿದ್ದು ಕಣೇ” ಎಂದು ಫೋನ್ ಇಟ್ಟೆ. ಸುಳ್ಳೇನೂ ಅಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಪೂರ್ತಿ ನಿಜಕ್ಕೆ ಆ ಚಾರ್ಟ್ ಪೇಪರಿನಲ್ಲಿ ಜಾಗ ಸಾಲುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರನ್ನು ಮಾತ್ರ ಈಗಲೇ ಹೇಳುವುದಿಲ್ಲ. ಅದು ನನಗೆ ಹೇಗೆ ಬಂತೋ ಹಾಗೇ ನಿಮಗೂ ಬರಲಿ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಇಂಥವನ್ನೆಲ್ಲ ನಂಬುವವಳೇ ಅಲ್ಲ. ಮೈಸೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು, ನಾವು ಏನೇ ಹೇಳಿದರೂ ಕನ್ನಡಕದ ಮೇಲಿಂದ ನೋಡಿ, “ವೇರ್ ಈಸ್ ಯುವರ್ ಎವಿಡೆನ್ಸ್, ಚೈಲ್ಡ್?” ಎನ್ನುತ್ತಿದ್ದರು. ಆ ಪ್ರಶ್ನೆ ನನಗೆ ಅಂಟಿಕೊಂಡುಬಿಟ್ಟಿತು. ಮದುವೆಯಾಗಿ ಈ ಸೀಮೆಗೆ ಬಂದು, ತುರುವೇಕೆರೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿ, ದೆವ್ವದ ಕಥೆ ಹೇಳುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ನಮ್ಮ ಓರಗಿತ್ತಿ ಒಬ್ಬರು ಬಾವಿಕಟ್ಟೆಯ ಹತ್ತಿರ ಯಾರೋ ತನ್ನ ಹೆಸರು ಹಿಡಿದು ಕರೆದರು ಎಂದಾಗ, ಎಲ್ಲರೂ ಅವರನ್ನು ದೇವರ ಹತ್ತಿರ ಕರೆದುಕೊಂಡು ಹೋದರೆ ನಾನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರ ಕಿವಿ ನೆಟ್ಟಗಿತ್ತು. ಆದರೂ ನನಗೆ ನಾಚಿಕೆಯಾಗಲಿಲ್ಲ.

ಇಂಥ ಕಥೆಗಳು ಸಾಮಾನ್ಯವಾಗಿ ಅಮಾವಾಸ್ಯೆಯ ರಾತ್ರಿ, ಗೂಬೆ ಕೂಗುವಾಗ ನಡೆಯಬೇಕು. ನನ್ನದು ನಡೆದದ್ದು ಮಧ್ಯಾಹ್ನ ಮೂರು ಗಂಟೆಗೆ, ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿದ್ದಾಗ.

ನಮ್ಮ ಊರು ತುರುವೇಕೆರೆಯಿಂದ ದಬ್ಬೇಘಟ್ಟದ ಕಡೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಮನೆಯಲ್ಲಿ ಆಗ ನಾನು, ನಮ್ಮ ಯಜಮಾನರು, ಎಂಬತ್ತನಾಲ್ಕು ವರ್ಷದ ನಮ್ಮತ್ತೆ ಹಾಲಮ್ಮ. ಬಾಣಂತನಕ್ಕೆ ಬಂದಿದ್ದ ಮಗಳು ಪ್ರಭಾ ಮತ್ತು ಅವಳ ಮೂರು ತಿಂಗಳ ಹೆಣ್ಣುಮಗು. ಮದುವೆಯಾದ ಒಂಬತ್ತನೇ ವರ್ಷಕ್ಕೆ ಹುಟ್ಟಿದ ಮಗು ಅದು. ಅದು ಆಕಳಿಸಿದರೂ ನಾವು ಮೂರು ಜನ ಸುತ್ತ ನಿಂತು ನೋಡುತ್ತಿದ್ದೆವು. ನಮ್ಮ ಯಜಮಾನರಂತೂ ತೋಟಕ್ಕೆ ನೀರು ಹಾಯಿಸಲು ಹೋದವರು ಅರ್ಧ ದಾರಿಯಿಂದ ವಾಪಸ್ ಬಂದು, “ನಿದ್ದೆ ಮಾಡ್ತೈತಾ?” ಎಂದು ಕೇಳಿ ಮತ್ತೆ ಹೋಗುತ್ತಿದ್ದರು.

ಮರುದಿನ ನಾಮಕರಣ. ತೊಟ್ಟಿಲಿಗೆ ಹೂ ಕಟ್ಟುವುದೊಂದು ಬಿಟ್ಟರೆ ಉಳಿದದ್ದೆಲ್ಲ ತಯಾರು, ಎರಡು ಸಂಗತಿಗಳ ಹೊರತು. ಒಂದು, ಹೆಸರು. ಪ್ರಭಾ ಮತ್ತು ನಮ್ಮ ಅಳಿಯ ಮೊಬೈಲಿನಲ್ಲಿ ಒಂದು ದೊಡ್ಡ ಲಿಸ್ಟೇ ಮಾಡಿಟ್ಟುಕೊಂಡಿದ್ದರು. ಯಾವುದನ್ನು ಓದಿದರೂ ಮನೆಯಲ್ಲಿ ಒಬ್ಬರಾದರೂ ಮೂಗು ಮುರಿಯುತ್ತಿದ್ದರು. ಕಾಯಿ ಸುಲಿಯಲು ಬರುತ್ತಿದ್ದ ಕೆಂಪಮ್ಮ ಅಂಗಳದಿಂದಲೇ ಕೇಳಿಸಿಕೊಂಡು, “ಅದೇನ್ ಹೆಸ್ರೋ ಕಣವ್ವ, ಜ್ವರದ ಮಾತ್ರೆಗೆ ಇಟ್ಟಂಗೈತೆ” ಎಂದು ಒಂದೊಂದನ್ನೇ ಹೊಡೆದುಹಾಕುತ್ತಿದ್ದಳು.

ಎರಡನೆಯದು ನಮ್ಮತ್ತೆ. ಅವರು ತೊಟ್ಟಿಲ ಹತ್ತಿರ ಬರುವುದಿಲ್ಲ ಎಂದುಬಿಟ್ಟಿದ್ದರು. ಇದು ಹೊಸದಲ್ಲ. ಮೂವತ್ತನಾಲ್ಕು ವರ್ಷದ ಹಿಂದೆ ಇದೇ ಪ್ರಭಾಳ ನಾಮಕರಣದ ದಿನ, ನೆಂಟರಿಷ್ಟರೆಲ್ಲ ಸೇರಿರುವಾಗ, ಅವರು ಒಬ್ಬರೇ ತೋಟಕ್ಕೆ ಹೋಗಿ ಸಂಜೆಯವರೆಗೆ ಬಾವಿಯ ಹತ್ತಿರ ಕೂತಿದ್ದರು. ನನಗೆ ಬಹಳ ಅವಮಾನವಾಗಿತ್ತು. ಪೇಟೆಯ ಸೊಸೆ, ಇಂಗ್ಲಿಷ್ ಮಾತಾಡುವ ಸೊಸೆ, ಹೆತ್ತದ್ದೂ ಹೆಣ್ಣು, ಅದಕ್ಕೇ ಹೀಗೆ ಎಂದು ತೀರ್ಮಾನಿಸಿಕೊಂಡೆ. ಅವರು ಆಗಾಗ ನನ್ನನ್ನು ‘ಇಂಗ್ಲೀಷಮ್ಮ’ ಎಂದು ಕರೆಯುತ್ತಿದ್ದದ್ದೂ ಆ ತೀರ್ಮಾನಕ್ಕೆ ಅನುಕೂಲವೇ ಆಯಿತು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದು, ಆ ಒಂದು ಮುಳ್ಳನ್ನು ನಾನು ತೆಗೆದು ಹಾಕಲಿಲ್ಲ. ಬೇರೆ ಎಲ್ಲದರಲ್ಲೂ ನಾವು ಚೆನ್ನಾಗಿಯೇ ಇದ್ದೆವು.

ಈ ಸಲ ಪ್ರಭಾ ಹಟ ಹಿಡಿದಳು. “ಅಜ್ಜಮ್ಮ ಬಂದು ನಿಲ್ಲದೇ ಇದ್ರೆ ನಾನು ಮಗೂನ ತೊಟ್ಟಿಲಿಗೇ ಹಾಕಲ್ಲ. ಯಾರು ಬಂದಿದ್ರೂ ಸರಿ.”

“ನಿನ್ ಕೂಸು, ನಿನ್ ತೊಟ್ಲು, ನನ್ನ ಯಾಕ್ ಎಳೀತೀಯಾ?” ಎಂದರು ನಮ್ಮತ್ತೆ. “ನಾನು ಬೆಳಿಗ್ಗೆ ಎದ್ದು ತೋಟುಕ್ ಹೋಗೋಳೆಯ.”

“ಹೋಗಿ. ನಾನೂ ಮಗೂನ ಎತ್ಕೊಂಡು ತೋಟಕ್ಕೇ ಬರ್ತೀನಿ. ನೆಂಟ್ರು ಇಲ್ಲಿ ಖಾಲಿ ತೊಟ್ಲು ತೂಗ್ಲಿ.”

ಇಬ್ಬರೂ ಒಂದೇ ಎರಕದವರು. ಪ್ರಭಾಳ ಕಣ್ಣಲ್ಲಿ ನೀರಿತ್ತು. ಒಂಬತ್ತು ವರ್ಷ ಅವಳ ಜೊತೆ ಪ್ರತಿ ಸೋಮವಾರ ಒಪ್ಪೊತ್ತು ಮಾಡಿದವರು ಈ ಅಜ್ಜಮ್ಮನೇ. ಮಗು ಹುಟ್ಟಿದ ಮೇಲೆ ಅದನ್ನು ಒಂದು ಸಲವಾದರೂ ಎತ್ತಿಕೊಳ್ಳದೆ, ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಿದ್ದವರೂ ಅವರೇ. ಇದು ಅವಳಿಗೂ ಅರ್ಥವಾಗಿರಲಿಲ್ಲ, ನನಗೂ.

ಹಾಗೆ ಮನೆಯೆಲ್ಲ ಬಿಗಿಯಾಗಿದ್ದಾಗ ನಾನು ಅಟ್ಟ ಹತ್ತಿದೆ. ನಾಮಕರಣಕ್ಕೆ ಬಂದವರಿಗೆ ಕೊಬ್ಬರಿ ಸಕ್ಕರೆ ಹಂಚಬೇಕು, ಅದಕ್ಕೆ ಮನೆಯ ಕಾಯಿಯೇ ಆಗಬೇಕು. ಅಟ್ಟದ ಕೆಲಸ ಮೊದಲಿನಿಂದ ನಮ್ಮತ್ತೆಯದೇ. ಬೇರೆ ಯಾರನ್ನೂ ಹತ್ತಲು ಬಿಡುತ್ತಿರಲಿಲ್ಲ. ಎರಡು ವರ್ಷದಿಂದ ಮಂಡಿ ಹಿಡಿದುಕೊಂಡ ಮೇಲೆ ಯಜಮಾನರು ಹತ್ತುತ್ತಿದ್ದರು. ಆ ದಿನ ಅವರು ಪೆಂಡಾಲಿನವನ ಜೊತೆ ಇದ್ದರು. ಏಣಿ ಹಾಕಿ ಅರವತ್ತಮೂರು ವರ್ಷದ ನಾನೇ ಹತ್ತಿದೆ.

ಕೆಲಸ ಸುಲಭ. ಒಂದೊಂದೇ ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸುವುದು. ಲೊಟಕ್ ಎಂದರೆ ಅಟ್ಟದ ಕಿಂಡಿಯಿಂದ ಕೆಳಗೆ ಅಂಗಳದ ಸಿಪ್ಪೆಯ ರಾಶಿಗೆ ಎಸೆಯುವುದು. ಅಲ್ಲಿ ಕೆಂಪಮ್ಮ ಅದನ್ನು ಕಬ್ಬಿಣದ ಗೂಟಕ್ಕೆ ಚುಚ್ಚಿ ಸುಲಿಯುತ್ತಾಳೆ. ಲೊಟಕ್ ಎನ್ನದ ಕಾಯಿಯನ್ನು ಯಾವ ಕಾರಣಕ್ಕೂ ಎಸೆಯಬಾರದು, ಒಳಗೆ ಹಸಿ ಇರುತ್ತದೆ, ಒಡೆದರೆ ಕಾಯಿ ಹಾಳು. ಈ ಪಾಠವನ್ನು ನನಗೆ ಮದುವೆಯಾದ ಮೊದಲ ವರ್ಷವೇ ನಮ್ಮತ್ತೆ ಹೇಳಿಕೊಟ್ಟಿದ್ದರು.

ಹತ್ತು ಹನ್ನೆರಡು ಕಾಯಿ ಎಸೆದಿರಬೇಕು. ಅಟ್ಟದ ತುದಿಯಲ್ಲಿ, ತೊಲೆ ಗೋಡೆಗೆ ಸೇರುವ ಮೂಲೆಯಲ್ಲಿ, ಒಂದು ಕಾಯಿ ಒಂಟಿಯಾಗಿ ಕೂತಿತ್ತು. ಹೊಗೆ ಹಿಡಿದು ಇದ್ದಿಲಿನಂತೆ ಕಪ್ಪಾಗಿತ್ತು. ಹಳೆಯದು ಎಂದು ಗೊತ್ತಾಯಿತು, ಎಷ್ಟು ಹಳೆಯದು ಎಂದು ತಿಳಿಯಲಿಲ್ಲ. ಬಗ್ಗಿ ಎತ್ತಿಕೊಂಡೆ. ಹಗುರವಾಗಿತ್ತು. ಕಿವಿಗೆ ಹಿಡಿದು ಅಲ್ಲಾಡಿಸಿದೆ. ಏನೂ ಇಲ್ಲ. ಮತ್ತೆ ಅಲ್ಲಾಡಿಸಿದೆ. ಇಲ್ಲ. ಆಗಲೇ ಕೆಳಗೆ ಮಿಕ್ಸಿಯ ಸದ್ದು ನಿಂತಿತು. ಕೆಂಪಮ್ಮನ ಗೂಟದ ಸದ್ದೂ ನಿಂತಿತು. ಅಥವಾ ನನಗೆ ಕೇಳಿಸುವುದು ನಿಂತಿತೋ ಏನೋ.

“ಸೋನೇ...”

ಅಷ್ಟೇ. ಒಂದೇ ಸಲ. ಹದಿನಾರೋ ಹದಿನೇಳೋ ವರ್ಷದ ಹುಡುಗಿಯ ದನಿ. ಹೆದರಿಸುವ ದನಿಯಲ್ಲ, ಪಿಸುಮಾತೂ ಅಲ್ಲ. ಹಿತ್ತಿಲಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆದ ಹಾಗೆ, ಕೊನೆಗೆ ಸ್ವಲ್ಪ ಎಳೆದು, ಸಂತೋಷವಾಗಿ. ನಾನು ಎಷ್ಟು ಸಹಜವಾಗಿ ಕೇಳಿಸಿಕೊಂಡೆನೆಂದರೆ, “ಹಾಂ, ಯಾರದು?” ಎಂದು ಉತ್ತರವನ್ನೂ ಕೊಟ್ಟೆ. ತಿರುಗಿ ನೋಡಿದೆ. ಅಟ್ಟದ ಮೇಲೆ ಕಾಯಿಗಳು ಮತ್ತು ನಾನು. ಆಮೇಲೆ ತೋಳಿನ ಮೇಲೆ ಕೂದಲು ನಿಂತವು.

ಕಾಯಿಯ ಒಳಗಿಂದಲೇ ಬಂತೇ ಎಂದು ಕೇಳಿದರೆ ನಾನು ಕೋರ್ಟಿನಲ್ಲಿ ಹೌದು ಎನ್ನಲಾರೆ. ಕಾಯಿ ಕಿವಿಗೆ ಹಿಡಿದಿದ್ದೆ, ಹೆಸರು ಕೇಳಿಸಿತು. ನನ್ನ ಎವಿಡೆನ್ಸ್ ಇಷ್ಟೇ.

ಗಾಬರಿಯಲ್ಲಿ, ಇಷ್ಟು ವರ್ಷ ಈ ಸೀಮೆಯಲ್ಲಿ ಬಾಳಿದವರು ಮಾಡಬಾರದ ತಪ್ಪು ಮಾಡಿದೆ. ಲೊಟಕ್ ಎನ್ನದ ಆ ಕಾಯಿಯನ್ನು ಕಿಂಡಿಯಿಂದ ಕೆಳಗೆ ಎಸೆದುಬಿಟ್ಟೆ.

“ಟೀಚ್ರಮ್ಮಾ, ನಿಧಾನ! ನನ್ ತಲೇನೇ ಸುಲಿಯಂಗ್ ಮಾಡ್ತೀರಲ್ರೀ!” ಎಂದು ಕೆಂಪಮ್ಮ ಕಿರುಚಿದಳು. ಆ ಕಿರುಚಾಟ ಕೇಳಿ ನನಗೆ ಎಷ್ಟು ಸಮಾಧಾನವಾಯಿತೋ ಹೇಳಲಾರೆ.

ಏಣಿ ಇಳಿದು ಬಂದು ನಡುಮನೆಯಲ್ಲಿ ನೀರು ಕುಡಿದೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದ ಪ್ರಭಾ ನನ್ನ ಮುಖ ನೋಡಿ, “ಏನಮ್ಮ, ಮೇಲೆ ಇಲಿ ಇತ್ತಾ?” ಎಂದಳು.

“ಸೋನೆ ಅಂತ ಹೆಸರಿಟ್ಟರೆ ಹೇಗಿರುತ್ತೆ?” ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಬಾಯಲ್ಲಿ ಅದೊಂದೇ ಇತ್ತು.

ಪ್ರಭಾ ಲಿಸ್ಟು ನೋಡುವ ಅಭ್ಯಾಸದಲ್ಲಿ ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ಮಗುವಿನ ಮುಖಕ್ಕೆ ಬಗ್ಗಿ, “ಸೋನೆ! ಏಯ್ ಸೋನೆ!” ಎಂದು ಕರೆದಳು. ಮಗು ಕಾಲು ಒದೆಯಿತು. ಅದು ಎಲ್ಲದಕ್ಕೂ ಕಾಲು ಒದೆಯುತ್ತಿತ್ತು, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಿಂದೆ ಠಣ್ ಎಂದು ಶಬ್ದವಾಯಿತು. ಹೊಸ್ತಿಲ ಮೇಲೆ ನಮ್ಮತ್ತೆ. ಹಿಡಿದಿದ್ದ ಹಿತ್ತಾಳೆ ಚೊಂಬು ಕೆಳಗೆ ಬಿದ್ದು ನೀರು ಹರಿಯುತ್ತಿತ್ತು.

“ಏನಂದೆ?” ಎಂದರು. ಪ್ರಭಾಳನ್ನಲ್ಲ, ನನ್ನನ್ನು.

“ಸೋನೆ ಅಂದೆ ಅತ್ತೆ.”

“ಆ ಹೆಸ್ರು ಯಾರ್ ಹೇಳುದ್ರು ನಿಂಗೆ?”

ಸುಳ್ಳು ಹೇಳಲು ಹೊಳೆಯಲಿಲ್ಲ. “ಅಟ್ಟದ ಮೇಲೆ, ಮೂಲೆಯಲ್ಲಿ ಒಂದು ಕರಿ ಕಾಯಿ ಇತ್ತಲ್ಲ...” ಎಂದು ಶುರು ಮಾಡಿದೆ. ನನ್ನ ಮಾತು ಮುಗಿಯುವ ಮೊದಲೇ ಆ ಎಂಬತ್ತನಾಲ್ಕರ ಹೆಂಗಸು, ಮಂಡಿ ನೋವಿನವರು, ಕೋಲಿಲ್ಲದೆ ಅಂಗಳಕ್ಕೆ ಓಡಿದರು. ಕೆಂಪಮ್ಮ ಅದೇ ಕಾಯಿಯನ್ನು ಎತ್ತಿ ಗೂಟಕ್ಕೆ ಚುಚ್ಚುವುದರಲ್ಲಿದ್ದಳು.

“ಕೆಂಪೀ! ಮಡಗೇ ಅದ್ನ! ಮಡಗು ಕೆಳೀಕೆ!”

ಕೆಂಪಮ್ಮ ಹಾವು ಹಿಡಿದವಳಂತೆ ಕಾಯಿಯನ್ನು ಬಿಟ್ಟಳು.

ನಮ್ಮತ್ತೆ ಅಲ್ಲೇ ಸಿಪ್ಪೆಯ ರಾಶಿಯ ಮೇಲೆ ಕೂತು ಕಾಯಿಯನ್ನು ಮಡಿಲಿಗೆ ಹಾಕಿಕೊಂಡರು. ಸೆರಗಿನಿಂದ ಅದರ ಮಸಿ ಒರೆಸತೊಡಗಿದರು. ನಾನು, ಪ್ರಭಾ, ಮಗು, ಕೆಂಪಮ್ಮ ಎಲ್ಲ ಸುತ್ತ ಕೂತೆವು. ಅವರು ಹೇಳಿದ್ದನ್ನು ನನಗೆ ಆದಷ್ಟು ಅವರದೇ ರೀತಿಯಲ್ಲಿ ಹೇಳುತ್ತೇನೆ.

ಅವರು ಈ ಮನೆಗೆ ಬಂದಾಗ ಇಲ್ಲೊಂದು ಪದ್ಧತಿ ಇತ್ತಂತೆ. ಸೊಸೆ ಬಸುರಾಗಿ ಐದು ತಿಂಗಳಿಗೆ, ತೋಟದಿಂದ ತಾನೇ ಒಂದು ಕಾಯಿ ಆರಿಸಿಕೊಳ್ಳಬೇಕು. ಅದರ ತೊಟ್ಟು ಕಿತ್ತು, ಕಣ್ಣು ಇರುವ ಕಡೆ ಬಾಯಿಟ್ಟು, ಹುಟ್ಟುವ ಮಗುವಿಗೆ ತನಗೆ ಇಷ್ಟವಾದ ಹೆಸರು ಹೇಳಬೇಕು. ಇನ್ನು ಯಾರ ಕಿವಿಗೂ ಬೀಳಬಾರದು, ಗಂಡನ ಕಿವಿಗೂ. ಆಮೇಲೆ ಆ ಕಾಯಿ ಅಟ್ಟಕ್ಕೆ. ಮಗು ಹುಟ್ಟಿದ ಮೇಲೂ ಕಾಯಿ ಲೊಟಕ್ ಎನ್ನುವವರೆಗೆ ಹೆಸರಿಲ್ಲ, ಬರೀ ಕೂಸು. ಹಾಗೆಂದ ದಿನವೇ ತೊಟ್ಟಿಲ ಶಾಸ್ತ್ರ. ಆ ಕಾಯಿ ಒಡೆದು, ಅದರ ಕೊಬ್ಬರಿಯನ್ನೇ ಸಕ್ಕರೆ ಜೊತೆ ಹಂಚುವುದು. “ಅವತ್ತೇ ಎಲ್ರಿಗೂ ಹೆಸ್ರು ತಿಳಿಯೋದು. ಎಂಥಾ ಖುಷಿ ಅಂತೀಯ ಅದು” ಎಂದರು.

ಇವರು ಹದಿನೇಳನೇ ವರ್ಷದಲ್ಲಿ ಬಸುರಾದರು. ಇವರ ತವರು ಹಂದನಕೆರೆಯ ಕಡೆ, ಬರೀ ರಾಗಿಯ ಹೊಲ. ಕಾಯಿಗೆ ಹೇಳಿದ ಹೆಸರು ಸೋನೆ.

“ಅದೆಂಥ ಹೆಸ್ರು ಅಂತ ನಿಮ್ ಮಾವ ಕೇಳ್ತಾರೆ, ನಗಾಡ್ತಾರೆ ಅಂತ ನಂಗೆ ಗೊತ್ತಿತ್ತು. ನಮ್ಮೂರಾಗೆ ಜೋರು ಮಳೆ ಬತ್ತಿತ್ತು ಕಣೇ, ಗುಡುಗಾಡಿ, ಸದ್ದು ಮಾಡಿ, ಹಳ್ಳ ಸೇರಿ ಹೊಂಟೋಗದು. ಸೋನೆ ಹಂಗಲ್ಲ. ಬಂದಿದ್ದೂ ಗೊತ್ತಾಗಲ್ಲ, ಮೂರು ದಿನ ಮೆತ್ತಗೆ ಉದುರ್ತಾ ಇರ್ತೈತೆ. ನೆಲದಾಗೆ ಉಳ್ಕಂತೈತೆ. ನನ್ ಮಗೀನೂ ಹಂಗೆ ಉಳ್ಕಳ್ಳಿ ಅಂತ.”

ಮಗು ಹುಟ್ಟಿತು, ಹೆಣ್ಣೇ. ಆರು ತಿಂಗಳು ಇತ್ತು. ದಿನಾ ಬೆಳಿಗ್ಗೆ ಅಟ್ಟ ಹತ್ತಿ ಕಾಯಿ ಅಲ್ಲಾಡಿಸುತ್ತಿದ್ದರಂತೆ. ಕಾಯಿ ಲೊಟಕ್ ಎನ್ನಲಿಲ್ಲ. ಅದಕ್ಕೆ ಮೊದಲೇ ಜ್ವರ ಬಂದು ಕೂಸು ಹೋಯಿತು, ಹೆಸರಿಲ್ಲದೆ.

“ಕಾಯಿ ಅನ್ನದಿದ್ರೆ ಬುಡು ಅಂತ ನಾನೇ ಬಾಯ್ ಬಿಟ್ಟು ಒಂದ್ಸಲ ಕರ್ದುಬುಟ್ಟಿದ್ರೆ ಉಳೀತಿತ್ತೇನೋ ಅಂತ. ಅರವತ್ತೇಳು ವರ್ಷ ಇದೇ ಆಯ್ತು ನಂಗೆ. ಆಮ್ಯಾಕೆ ಹುಟ್ಟಿದ ನಿನ್ ಗಂಡಂಗೆ ಯಾವ ಕಾಯ್ಗೂ ಹೇಳ್ನಿಲ್ಲ. ನಿಮ್ ಮಾವನೇ ಹೆಸ್ರಿಟ್ರು. ಈ ಪದ್ಧತಿ ಬ್ಯಾಡ ಅಂದೆ, ನಿಂತೋಯ್ತು. ತೊಟ್ಲ ತಾವ ನಾನ್ ನಿಂತ್ರೆ ಎಲ್ಲಿ ಇನ್ನೊಂದು ಕೂಸಿಗೆ ಏನಾಯ್ತದೋ ಅಂತ ದೂರ ಹೋಗ್ಬುಡ್ತಿದ್ದೆ. ನಿನ್ ಮಗಳ ದಿನಾನೂ ಅಷ್ಟೇ ಕಣೇ.”

ಮೂವತ್ತನಾಲ್ಕು ವರ್ಷ ನಾನು ಅವಮಾನ ಎಂದುಕೊಂಡಿದ್ದು ಇದನ್ನು. ನನ್ನ ಮಗಳನ್ನು ಕಾಯಲು ಅವರು ಬಾವಿಯ ಹತ್ತಿರ ಕೂತಿದ್ದರು. ಅವರ ಕೈ ಮೇಲೆ ಕೈ ಇಟ್ಟೆ. ಇಬ್ಬರ ಕೈಗೂ ಮಸಿಯಾಯಿತು.

“ಒಂದ್ಸಲ ಅಲ್ಲಾಡ್ಸು” ಎಂದು ಕಾಯಿಯನ್ನು ನನಗೆ ಕೊಟ್ಟರು. “ನನ್ ಕಿವಿ ಮಂದ ಆಗೈತೆ. ನೀನು ಕೇಳಿ ಹೇಳು.”

ಅಟ್ಟದಲ್ಲಿ ಸುಮ್ಮನಿದ್ದ ಕಾಯಿ ಅದು. ಬಲಗಿವಿಗೆ ಹಿಡಿದು ಅಲ್ಲಾಡಿಸಿದೆ.

ಲೊಟಕ್.

ನಾನು ಹೇಳಬೇಕಾಗಲಿಲ್ಲ, ಅವರಿಗೂ ಕೇಳಿಸಿತ್ತು. ಎರಡೂ ಕೈ ಚಾಚಿ ಪ್ರಭಾಳಿಂದ ಮಗುವನ್ನು ಇಸಿದುಕೊಂಡರು. ಮೂರು ತಿಂಗಳಲ್ಲಿ ಮೊದಲ ಸಲ. ಕೆಂಪಮ್ಮ ಮೂಗು ಒರೆಸಿಕೊಳ್ಳುತ್ತ, “ಈ ಕೂಸು ನೋಡು, ಎಲ್ರೂ ಅಳ್ತಾವ್ರೆ, ಇದು ನಗ್ತೈತೆ” ಎಂದಳು. ನಿಜ, ಅದು ನಗುತ್ತಿತ್ತು.

ಮರುದಿನ ನೆಂಟರೆಲ್ಲ ಬಂದರು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಪ್ರಭಾಳ ನಾದಿನಿ, ಒಳ್ಳೆಯ ಹೆಣ್ಣುಮಗಳು, ವಿಷಯ ಕೇಳಿದವಳೇ, “ನಂದೇನ್ರೀ, ಸೀರೆ ನಂಗೆ ಕೊಡಿ, ಹೆಸ್ರು ಅಜ್ಜಿ ಹೇಳ್ಲಿ” ಎಂದು ನಗಿಸಿದಳು. ನಮ್ಮತ್ತೆ ಹೊಸ ಇಳಕಲ್ ಸೀರೆ ಉಟ್ಟು ತೊಟ್ಟಿಲ ಪಕ್ಕ ನಿಂತರು. ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದರು. ಮೂರನೇ ಸಲಕ್ಕೆ ಮಗು ಅವರ ಮೂಗುಬೊಟ್ಟು ಹಿಡಿದುಕೊಂಡು ಬಿಡಲಿಲ್ಲ. ಬಿಡಿಸಲು ಮೂರು ಜನ ಬೇಕಾದರು. ಅಷ್ಟು ನಕ್ಕ ನಾಮಕರಣವನ್ನು ನಾನು ಮತ್ತೆ ನೋಡಿಲ್ಲ.

ಆ ಕಾಯಿಯನ್ನೂ ಒಡೆದೆವು. ಒಳಗಿನ ಕೊಬ್ಬರಿ ಒಂದು ನಿಂಬೆಹಣ್ಣಿನಷ್ಟಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಹುಳ ಬಿದ್ದಿರಲಿಲ್ಲ. ನಮ್ಮತ್ತೆ ಉಗುರಿನಿಂದ ಕೆರೆದು ಒಂದು ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, “ಸೀ ಐತೆ ಕಣೇ” ಎಂದರು. ನನಗೂ ಒಂದು ಚೂರು ಕೊಟ್ಟರು. ನಿಜ ಹೇಳುತ್ತೇನೆ, ಅದಕ್ಕೆ ಹಳೆಯ ಬೀರುವಿನ ರುಚಿ ಇತ್ತು. “ಹೌದು ಅತ್ತೆ, ಸಕ್ಕರೆ” ಎಂದೆ. ಅದು ನಾನು ಹೇಳಿದ ಒಳ್ಳೆಯ ಸುಳ್ಳುಗಳಲ್ಲಿ ಒಂದು.

ಈಗ ಸಿಸ್ಟರ್ ಬಂದು ಎವಿಡೆನ್ಸ್ ಕೇಳಿದರೆ ಏನು ಹೇಳಲಿ? ಕಾಯಿ ಅಟ್ಟದಲ್ಲಿ ಸುಮ್ಮನಿದ್ದು ಅಂಗಳದಲ್ಲಿ ಲೊಟಕ್ ಎಂದದ್ದಕ್ಕೆ ಕಾರಣ ಇದೆ. ಚಿಪ್ಪಿಗೆ ಅಂಟಿದ್ದ ಕೊಬ್ಬರಿ ಹತ್ತು ಅಡಿಯಿಂದ ಬಿದ್ದಾಗ ಬಿಟ್ಟುಕೊಂಡಿತು. ಅದು ಪವಾಡವಲ್ಲ, ನಾನೇ ಒಪ್ಪುತ್ತೇನೆ. ಆದರೆ ಹೆಸರು? ನಮ್ಮತ್ತೆ ನಿದ್ದೆಯಲ್ಲಿ ಯಾವಾಗಲೋ ಕನವರಿಸಿರಬಹುದು, ನನ್ನ ಮನಸ್ಸಿನ ಮೂಲೆಯಲ್ಲಿ ಕೂತಿರಬಹುದು ಎಂದುಕೊಂಡೆ. ಯಜಮಾನರನ್ನು ಕೇಳಿದೆ. ಅವರು ಅಮ್ಮನ ಪಕ್ಕ ಮಲಗಿ ಬೆಳೆದವರು, ಒಂದು ದಿನವೂ ಕೇಳಿದ್ದಿಲ್ಲ. ತಮಗಿಂತ ಮುಂಚೆ ಒಂದು ಮಗು ಹೋಗಿತ್ತು ಎಂಬುದಷ್ಟೇ ಅವರಿಗೆ ಗೊತ್ತು. ಅಕ್ಕಪಕ್ಕದ ಮನೆಯಲ್ಲಿ ಯಾರಾದರೂ ಮಗುವನ್ನೋ ಹಸುವನ್ನೋ ಕರೆದಿರಬಹುದು ಎಂದು, ನಗಬೇಡಿ, ಊರಿನ ಹಸುಗಳ ಹೆಸರನ್ನೂ ವಿಚಾರಿಸಿದೆ. ಗೌರಿ, ಲಕ್ಷ್ಮಿ, ಕೆಂದಿ, ಒಂದು ಪಿಂಕಿ. ಸೋನೆ ಇಲ್ಲ. ಅಳಿಯ ನಿಧಾನವಾಗಿ, “ಸಬ್‌ಕಾನ್ಶಸ್ ಇರ್ಬೋದು ಅತ್ತೆ” ಎಂದರು. ಇರಬಹುದು. ಆದರೆ ಗೊತ್ತಿಲ್ಲ ಎನ್ನುವುದಕ್ಕೆ ಅದೂ ಒಂದು ದೊಡ್ಡ ಹೆಸರು ಅಷ್ಟೇ ಎಂದು ನನ್ನ ಅನುಮಾನ. ಆ ಓರಗಿತ್ತಿಯ ಮನೆಗೆ ಹೋಗಿ ಮಾತ್ರ ಕ್ಷಮೆ ಕೇಳಿ ಬಂದೆ.

ಮತ್ತೂ ಒಂದು ಸಂಗತಿ ಇದೆ. ಹೆಸರಿನಷ್ಟೇ ನನ್ನನ್ನು ಕಾಡುವುದು ಆ ದನಿ. ಹೆಸರನ್ನು ಯಾರೂ ಬಾಯಿಬಿಟ್ಟು ಕರೆದಿರಲಿಲ್ಲ, ನಮ್ಮತ್ತೆಯೂ. ಕಾಯಿಗೆ ಹೇಳಿದ್ದು ಪಿಸುಮಾತಿನಲ್ಲಿ. ನಾನು ಕೇಳಿದ್ದು ಪಿಸುಮಾತಲ್ಲ. ಕರೆ.

ಆಮೇಲಿನ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಆ ಹೆಸರನ್ನು ಕರೆದಷ್ಟು ಇನ್ನಾವ ಹೆಸರನ್ನೂ ಕರೆದಿಲ್ಲ. ಪ್ರಭಾ ರಜೆಗೆ ಬಂದರೆ ಸಾಕು, ಬೆಳಗಿನಿಂದ ನಮ್ಮತ್ತೆಯದು ಒಂದೇ ಕೂಗು, “ಸೋನೇ, ಸೋನೇ.” ಊಟಕ್ಕೆ, ಸ್ನಾನಕ್ಕೆ, ಸುಮ್ಮನೆ. ಮಗು ಎದುರಿಗೇ ಕೂತಿದ್ದರೂ ಕರೆಯುತ್ತಿದ್ದರು. “ಅಜ್ಜಮ್ಮ, ನಾನ್ ಇಲ್ಲೇ ಇದೀನಲ್ಲ!” ಎಂದು ಅದು ರೇಗಿದರೆ, “ಇರ್ಲಿ ಬುಡು, ಕರಿಯಾಕ್ ಚೆಂದ” ಎನ್ನುತ್ತಿದ್ದರು.

ಸೋನೆಗೆ ನಾಲ್ಕು ತುಂಬಿದಾಗ ಪ್ರಭಾ ಮತ್ತೆ ಐದು ತಿಂಗಳ ಬಸುರಿ. ಮಗಳನ್ನು ಕರೆದುಕೊಂಡು ಒಂದು ವಾರ ಇರಲು ಊರಿಗೆ ಬಂದಿದ್ದಳು. ಆ ಸಲ ಅಟ್ಟ ಸೇರಿದ ಒಂದು ಕಾಯಿ ಈಗಲೂ ಅಲ್ಲೇ ಇದೆ. ಅದರ ತೊಟ್ಟು ಕಿತ್ತಿದೆ. ನಮ್ಮತ್ತೆ ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಗನಿಗೆ ಹೆಸರಿಡುವ ಮೊದಲು ನಾನು ಮೂರು ದಿನ ಏಣಿ ಹತ್ತಿ ಅದನ್ನು ಕಿವಿಗೆ ಹಿಡಿದು ಕೂತಿದ್ದೆ. ಏನೂ ಇಲ್ಲ. ಕೊನೆಗೆ ಲಿಸ್ಟಿನಿಂದಲೇ ಆರಿಸಿದರು. ಆಮೇಲೆ ಎಲ್ಲ ಕಾಯಿಯ ಹಾಗೆ ಅದೂ ಲೊಟಕ್ ಎಂದಿತು, ಅಷ್ಟೇ. ಈಗಲೂ ಮನೆಯಲ್ಲಿ ಯಾರೂ ಇಲ್ಲದಾಗ ಎಪ್ಪತ್ತೊಂದರ ಈ ಮುದುಕಿ ಅಟ್ಟ ಹತ್ತುತ್ತಾಳೆ. ಕಾಯಿ ಮಾತಾಡುವುದಿಲ್ಲ. ಅದನ್ನು ಒಡೆಯಲೂ ನನಗೆ ಮನಸ್ಸು ಬಂದಿಲ್ಲ.

ಯಾಕೆಂದರೆ ಅದರಲ್ಲಿ ಏನೋ ಇದೆ ಎಂದು ನನಗೆ ಗೊತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಆ ವಾರವೇ ನಾನು ಮೈಸೂರಿಗೆ, ನನ್ನ ಅಕ್ಕನನ್ನು ನೋಡಲು ಹೊರಟಿದ್ದೆ. ಎರಡು ದಿನಕ್ಕೆಂದು. ನಾನು ನಮ್ಮತ್ತೆಯನ್ನು ಕೊನೆಯದಾಗಿ ನೋಡಿದ್ದು ಅವತ್ತೇ. ಬಸ್ಸು ನಮ್ಮ ಮನೆಯ ಮುಂದೆಯೇ ನಿಲ್ಲುತ್ತದೆ. ಕಿಟಕಿಯ ಪಕ್ಕ ಸೀಟು ಹಿಡಿದು ತಿರುಗಿ ನೋಡಿದೆ. ಜಗುಲಿಯ ಮೇಲೆ ನಮ್ಮತ್ತೆ ಕಾಲು ಚಾಚಿ ಕೂತಿದ್ದರು, ಪಕ್ಕದಲ್ಲಿ ಸೋನೆ. ಪ್ರಭಾ ಒಳಗಿದ್ದಳು. ನಮ್ಮತ್ತೆಯ ಕೈಯಲ್ಲಿ ಆಗ ತಾನೇ ತೋಟದಿಂದ ತರಿಸಿದ ಕಾಯಿ. ಸೋನೆಯ ಎರಡೂ ಕಿವಿ ಮುಚ್ಚಿಕೊಳ್ಳುವಂತೆ ಹೇಳಿರಬೇಕು, ಮಗು ಅಂಗೈ ಒತ್ತಿ ಹಿಡಿದು, ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿಕೊಂಡು ಕೂತಿತ್ತು. ನಮ್ಮತ್ತೆ ಕಾಯಿಯನ್ನು ಬಾಯಿಗೆ ಹತ್ತಿರ ತಂದು ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಾಣಿಸಿತು. ಅಷ್ಟರಲ್ಲಿ ತಲೆ ಎತ್ತಿದವರು ನಾನು ನೋಡುತ್ತಿರುವುದನ್ನು ಕಂಡುಬಿಟ್ಟರು. ಕದ್ದು ಸಿಕ್ಕಿಬಿದ್ದ ಹದಿನೇಳರ ಹುಡುಗಿಯ ಹಾಗೆ ಕಾಯಿಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನನಗೆ ‘ಹೋಗೇ, ಹೋಗು’ ಎಂದು ಬೀಸಿ, ಬೊಚ್ಚುಬಾಯಿ ತುಂಬ ನಕ್ಕರು. ಬಸ್ಸು ಹೊರಟಿತು.